ನಾಲ್ಕಕ್ಕೆ ಇಳಿದ ದನಿ

ಬೀದಿಯವರು ಅವನನ್ನು ಪೀಪಿ ಸಾಹೇಬ ಎಂದು ಕರೆಯುತ್ತಿದ್ದರು. ಅವನು ಸಾಹೇಬನೂ ಅಲ್ಲ, ಅವನ ಕೈಯಲ್ಲಿ ಪೀಪಿಯೂ ಇರಲಿಲ್ಲ. ಆದರೆ ಅಡ್ಡಹೆಸರು ಇಡುವವರಿಗೆ ಅಷ್ಟೆಲ್ಲ ಸಾಕ್ಷಿ ಯಾಕೆ ಬೇಕು? ಊರಿನ ಮೇಲ್ಗಡೆ, ನೀರಿನ ಟ್ಯಾಂಕಿನ ಹಿಂದಿನ ಬಯಲಿನಲ್ಲಿ ಆಳೆತ್ತರದ ಹಲಗೆಯ ಗೂಡೊಂದಿತ್ತು. ಒಳಗೋಡೆಗೆಲ್ಲ ದಪ್ಪ ಸ್ಪಂಜು ಮೆತ್ತಿದ, ಮೇಲೆ ಸೂರಿಲ್ಲದ ಗೂಡು. ಅದರ ತಳದಲ್ಲಿ ಮುಗಿಲಿಗೆ ಬಾಯಿ ತೆರೆದ ದೊಡ್ಡ ಬಾಣಲೆಯಂಥ ತಟ್ಟೆ, ತಟ್ಟೆಯ ನಡುವೆ ಒಂದು ಸ್ಪೀಕರು. ಬೆಳಗಿನ ಐದರಿಂದ ಹನ್ನೊಂದರವರೆಗೆ, ಆರು ಸೆಕೆಂಡಿಗೊಮ್ಮೆ, ಅದು 'ಪೀಂ' ಎಂದು ಆಕಾಶಕ್ಕೆ ಕೂಗುತ್ತಿತ್ತು. ಕೂಗಿ ಸುಮ್ಮನಾಗಿ, ಕೂಗಿದ ಬಾಯನ್ನೇ ಕಿವಿ ಮಾಡಿಕೊಂಡು, ಮೇಲಿನಿಂದ ಏನಾದರೂ ಉತ್ತರ ಬರುತ್ತದೆಯೇ ಎಂದು ಕಾಯುತ್ತಿತ್ತು. ಕಚೇರಿಯ ಕಾಗದಗಳಲ್ಲಿ ಅದರ ಹೆಸರು ಸೋಡಾರ್. ಬೀದಿಯವರ ಬಾಯಲ್ಲಿ ಅದು ಪೀಪಿ.

ಊರು ಗುಡ್ಡಗಳ ನಡುವಿನ ಬಟ್ಟಲಲ್ಲಿ ಕೂತಿತ್ತು. ಚಳಿಗಾಲದ ಬೆಳಗಿನಲ್ಲಿ ಬಟ್ಟಲಿನ ತಳದಲ್ಲಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಬಂದು ಮುಚ್ಚಳದಂತೆ ಕೂತುಬಿಡುತ್ತಿತ್ತು. ಅಂಥ ಹೊತ್ತಿನಲ್ಲಿ ಕೆಳಗಿನ ಎರಕದ ಕಾರ್ಖಾನೆಯವರು ಕುಲುಮೆ ಹೊತ್ತಿಸಿದರೆ, ಹೊಗೆ ಮೇಲೇರಿ ಮುಚ್ಚಳಕ್ಕೆ ತಲೆ ಬಡಿದುಕೊಂಡು ಮತ್ತೆ ಊರೊಳಗೇ ಇಳಿಯುತ್ತಿತ್ತು. ಹಿಂದೆ ಒಂದೆರಡು ಸಲ ಹಾಗಾಗಿ, ಆಸ್ಪತ್ರೆಯ ಮಂಚ ಸಾಲದೆ ನೆಲದ ಮೇಲೆ ಜನರನ್ನು ಮಲಗಿಸಬೇಕಾಗಿ ಬಂದ ಮೇಲೆ ಒಂದು ನಿಯಮ ಬಂತು: ಮುಚ್ಚಳ ಒಡೆದು ಗಾಳಿ ಮೇಲೇಳಲು ಶುರುವಾಗುವವರೆಗೆ ಕುಲುಮೆಗೆ ಬೆಂಕಿ ಇಡುವಂತಿಲ್ಲ. ಒಡೆಯಿತೋ ಇಲ್ಲವೋ ಎಂದು ನೋಡಿ ಫೋನು ಮಾಡುವುದು ಪೀಪಿ ಸಾಹೇಬನ ಕೆಲಸ.

ಕೆಲಸ ಕೇಳಲಿಕ್ಕೆ ಸುಲಭ. ಮೇಲೆ ಹೋದ ಶಬ್ದ, ಬಿಸಿ ಗಾಳಿಯೂ ತಣ್ಣನೆ ಗಾಳಿಯೂ ಕಲೆಯುವ ಎಡೆಯಲ್ಲಿ ಚೆದುರಿ, ಒಂದಿಷ್ಟು ಕೆಳಗೆ ಮರಳುತ್ತದೆ. ಗೂಡಿನ ಪಕ್ಕದ ಕೋಣೆಯಲ್ಲಿ ನಿಧಾನವಾಗಿ ಸುತ್ತುವ ಕಾಗದದ ಸುರುಳಿಯ ಮೇಲೆ ಕಡ್ಡಿಯೊಂದು ಆ ಮರುದನಿಯನ್ನು ಕಪ್ಪಗೆ ಗೀಚುತ್ತಿತ್ತು. ಮುಚ್ಚಳ ಯಾವ ಎತ್ತರದಲ್ಲಿದೆಯೋ ಅಲ್ಲೊಂದು ಕಪ್ಪು ಪಟ್ಟಿ. ಇನ್ನು ಗಾಳಿ ಏಳುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮರುದನಿಯ ಶ್ರುತಿಯಿಂದ ತಿಳಿಯುತ್ತಿತ್ತು. ದೂರ ಹೋಗುವ ರೈಲಿನ ಸೀಟಿ ತಗ್ಗುತ್ತದಲ್ಲ, ಹಾಗೆ ಗಾಳಿ ಮೇಲೇಳುತ್ತಿದ್ದರೆ ಉತ್ತರ ತುಸು ತಗ್ಗಿ ಬರುತ್ತದೆ. ಗಾಳಿ ಇಳಿದು ಬರುತ್ತಿದ್ದರೆ ಉತ್ತರ ಏರಿ ಬರುತ್ತದೆ. ಪಕ್ಕದ ಪೆಟ್ಟಿಗೆಯ ಮುಳ್ಳು ಅದನ್ನು ಎಡಕ್ಕೋ ಬಲಕ್ಕೋ ವಾಲಿ ತೋರಿಸುತ್ತಿತ್ತು. ಮುಚ್ಚಳ ಒಡೆದ ಮೇಲೆ ಎತ್ತರದಲ್ಲಿ ಕಾಗದ ಬೆಳ್ಳಗಾಗುತ್ತದೆ. ಅವನಿಗೆ ಈ ಕೆಲಸ ಕಲಿಸಿದ ಹಿರಿಯ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಮೊದಲ ದಿನವೇ ಹೇಳಿದ್ದ: "ಕಾಗದ ಬೆಳ್ಳಗಿದೆ ಅಂತ ಮೇಲೆ ಏನೂ ಇಲ್ಲ ಅಂದ್ಕೋಬೇಡ ಕಣಯ್ಯಾ. ಉತ್ತರ ಬರದೇ ಇರೋದಕ್ಕೆ ಎರಡು ಕಾರಣ. ಮೇಲೆ ಯಾರೂ ಇಲ್ಲದೇ ಇರಬಹುದು, ಇಲ್ಲಾ ನೀನು ಕೂಗಿದ್ದು ಅಲ್ಲಿಗೆ ಮುಟ್ಟದೇ ಇರಬಹುದು. ಬೆಳ್ಳಗಿರೋದೆಲ್ಲ ಹಾಲಲ್ಲ."

ಆ ಮಾತಿಗೆ ಅವನು ನಕ್ಕಿದ್ದ. ಒಂಬತ್ತು ವರ್ಷ ಅದನ್ನು ಮರೆಯದೆ ನಡೆದುಕೊಂಡೂ ಇದ್ದ.

ಗೂಡಿನಿಂದ ಎಂಬತ್ತು ಹೆಜ್ಜೆ ದೂರದಲ್ಲಿ ಅವನ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಕಾಂಪೌಂಡಿನ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು. ಮನೆಯಲ್ಲಿ ಅವನು, ಹೆಂಡತಿ, ಮತ್ತೆ ಎರಡು ವರ್ಷದಿಂದ ಅಕ್ಕ. ಅಕ್ಕ ಅವನಿಗಿಂತ ಹದಿಮೂರು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅಂದಿನಿಂದ ಅವನ ಮೂಗು ಒರೆಸಿದ್ದು, ತಲೆ ಬಾಚಿದ್ದು, ಸುಳ್ಳು ಹೇಳಿದ್ದಕ್ಕೆ ಬಾರಿಸಿದ್ದು, ಬಾರಿಸಿದ ಮೇಲೆ ತಾನೇ ಅತ್ತಿದ್ದು ಎಲ್ಲ ಅಕ್ಕನೇ. ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು, ಅಲ್ಲಿನ ದೂಳನ್ನು ಎದೆಯೊಳಗೆ ತುಂಬಿಕೊಂಡು ಬಂದಿದ್ದಳು. ಮದುವೆಯ ಮಾತು ಬಂದಾಗಲೆಲ್ಲ "ಇವನೊಬ್ಬ ಸಾಲದಾ ನನಗೆ?" ಎಂದು ತಮ್ಮನ ತಲೆಗೆ ಮೊಟಕುತ್ತಿದ್ದಳು. ಅವನ ಹೆಂಡತಿಯೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಇಬ್ಬರೂ ಸೇರಿದರೆ ಮನೆಯಲ್ಲಿ ಅವನ ಮಾತು ನಡೆಯುತ್ತಿರಲಿಲ್ಲ.

"ಆಕಾಶಕ್ಕೆ ಸೀಟಿ ಹೊಡೆಯೋಕೆ ನಿನ್ನ ಓದಿಸಿದ್ನಾ ನಾನು? ಹುಡುಗೀರಿಗೆ ಹೊಡೆದಿದ್ರೆ ಪೊಲೀಸರಾದ್ರೂ ಬರ್ತಿದ್ರು," ಎಂದು ಅಕ್ಕ ಕಾಡಿಸುತ್ತಿದ್ದಳು. ನಗು ಮುಗಿಯುವಷ್ಟರಲ್ಲಿ ಕೆಮ್ಮು ಹಿಡಿದುಕೊಳ್ಳುತ್ತಿತ್ತು. ಆದರೂ ಕಾಡಿಸುವುದನ್ನು ಬಿಡುತ್ತಿರಲಿಲ್ಲ.

ಪ್ರತಿ ಬೆಳಿಗ್ಗೆ ಎದ್ದೊಡನೆ ಅವಳ ಮೊದಲ ಮಾತು ಒಂದೇ: "ಗಾಳಿ ಹೇಗಿದೆಯೋ?" ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು, ಹೊಗೆ ಕೂತ ದಿನ ಈಕೆ ಹೊಸ್ತಿಲು ದಾಟಬಾರದು, ಕಿಟಕಿ ತೆಗೆಯಬಾರದು, ಇನ್ನೊಂದು ಸಲ ಎದೆ ಕಟ್ಟಿದರೆ ತಾವೇನೂ ಮಾಡಲಾಗದು ಎಂದು. ಹಾಗಾಗಿ ಅವಳು ಹೊರಗೆ ಹೋಗುವುದು ತಮ್ಮ ಹೂಂ ಅಂದರೆ ಮಾತ್ರ. ಊರಿಗೆಲ್ಲ ಅವನು ಫೋನಿನಲ್ಲಿ ಹೇಳುತ್ತಿದ್ದುದನ್ನು ಅಕ್ಕನಿಗೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದ. "ಇವತ್ತು ಬೇಡ ಅಕ್ಕಾ" ಅಂದರೆ ಅವಳು ಗೊಣಗಿಕೊಂಡು ಹೊಲಿಗೆಯ ಡಬ್ಬಿ ತೆಗೆಯುತ್ತಿದ್ದಳು. "ಹೋಗಿ ಬಾ" ಅಂದರೆ ಚಪ್ಪಲಿ ಮೆಟ್ಟುತ್ತಿದ್ದಳು. ಈ ಮಾತಿನ ಮೇಲೆ ಅವಳಿಗೆ ಡಾಕ್ಟರ ಔಷಧಿಗಿಂತ ಹೆಚ್ಚು ನಂಬಿಕೆ.

ಕಾರ್ಖಾನೆಯ ತುದಿಯಲ್ಲಿ ಫೋನು ಎತ್ತುತ್ತಿದ್ದವನು ಕುಲುಮೆಯ ಮೇಸ್ತ್ರಿ. ಒಂಬತ್ತು ವರ್ಷದಲ್ಲಿ ಇಬ್ಬರೂ ಮುಖ ನೋಡಿಕೊಂಡಿರಲಿಲ್ಲ, ಆದರೆ ದಿನವೂ ಮಾತು.

"ಏನ್ ಸ್ವಾಮಿ, ಬಾಗಿಲು ತೆಗೀತಾ?"

"ಇನ್ನೂ ಚಿಲಕ ಹಾಕಿದೆ ಮೇಸ್ತ್ರಿ."

"ಸ್ವಲ್ಪ ತಟ್ಟಿ ಸ್ವಾಮಿ. ಇಲ್ಲಿ ಮೂವತ್ತು ಜನ ಕೈ ಕಟ್ಟಿ ಕೂತವ್ರೆ, ಒಬ್ಬೊಬ್ಬನ ಆಕಳಿಕೆ ನೋಡಿ ನನಗೂ ನಿದ್ದೆ ಬರ್ತಾ ಇದೆ."

ಎಂಟೂವರೆಗೋ ಒಂಬತ್ತಕ್ಕೋ "ತೆಗೀತು, ಹಚ್ಚಿ" ಎಂದರೆ, "ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಮೇಸ್ತ್ರಿ ಫೋನು ಇಡುತ್ತಿದ್ದ. ಅವನ ಮಾತಿನ ಹಿಂದೆ ಗಾಡಿಯ ಗಾಲಿ ಉರುಳುವ ಸದ್ದು, ಯಾರೋ ಸಲಿಕೆ ಎಳೆಯುವ ಸದ್ದು ಕೇಳುತ್ತಿತ್ತು.

ಆ ವರ್ಷದ ಚಳಿಯಲ್ಲಿ ಅಕ್ಕನಿಗೆ ನಿದ್ದೆ ಹೋಯಿತು. ಬೆನ್ನಿಗೆ ನಾಲ್ಕು ದಿಂಬು ಇಟ್ಟುಕೊಂಡು ಕೂತೇ ಇರುತ್ತಿದ್ದಳು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಐದರ ಸುಮಾರಿಗೆ ಎಲ್ಲೋ ಒಂದಿಷ್ಟು ಕಣ್ಣು ಹತ್ತುವಷ್ಟರಲ್ಲಿ 'ಪೀಂ'. ಬೆಚ್ಚಿ ಕಣ್ಣು ಬಿಡುತ್ತಿದ್ದಳು. ಮತ್ತೆ ಹತ್ತಬೇಕು ಅನ್ನುವಾಗ ಮತ್ತೊಂದು 'ಪೀಂ'. ಅವಳು ಒಂದು ಮಾತೂ ಆಡಲಿಲ್ಲ. ತಮ್ಮನ ಕೆಲಸ ಅದು, ತಮ್ಮನ ಕೆಲಸದ ಮೇಲೆ ದೂರು ಹೇಳಿದರೆ ಅವಳ ನಾಲಿಗೆ ಬಿದ್ದುಹೋಗುತ್ತಿತ್ತೇನೋ! ಹೇಳಿದವಳು ಹೆಂಡತಿ.

"ರೀ, ಅದರ ಗಂಟಲು ಒಂಚೂರು ಅಮುಕೋಕಾಗಲ್ವಾ? ಅಕ್ಕ ಕೂತಲ್ಲೇ ಬೆಚ್ಚಿಬೀಳ್ತಾರೆ. ನೋಡೋಕಾಗಲ್ಲ ನನಗೆ."

ಗಂಟಲು ಅಮುಕಬಹುದಿತ್ತು. ಯಂತ್ರದ ಮುಖದ ಮೇಲೆ ದನಿಯ ತಿರುಪು ಇತ್ತು, ಒಂದರಿಂದ ಹತ್ತರವರೆಗೆ. ಸದಾ ಹತ್ತರಲ್ಲಿರಬೇಕು ಎಂಬುದು ನಿಯಮ. ಮೊದಲ ದಿನ ಎಂಟಕ್ಕೆ ಇಳಿಸಿದ. ಕಾಗದದ ಮೇಲ್ತುದಿ ಸ್ವಲ್ಪ ಮಸುಕಾಯಿತು, ಅಷ್ಟೇ. ಆರಕ್ಕೆ ಇಳಿಸಿದ. ಅಕ್ಕ ಬೆಚ್ಚುವುದು ಕಡಿಮೆಯಾಯಿತು. ನಾಲ್ಕಕ್ಕೆ ಇಳಿಸಿದ ದಿನ ಅವಳು ಆರರಿಂದ ಏಳರವರೆಗೆ ದಿಂಬಿಗೆ ಕತ್ತು ವಾಲಿಸಿ ನಿದ್ದೆ ಹೋದಳು. ನಾಲ್ಕರಲ್ಲಿ ದನಿ ಇನ್ನೂರು ಮೀಟರಿಗಿಂತ ಮೇಲೆ ಹೋಗಿ ಬರುವಷ್ಟು ಗಟ್ಟಿಯಿರಲಿಲ್ಲ. ಅಲ್ಲಿಂದಾಚೆ ಏನಿದ್ದರೂ ಕಾಗದಕ್ಕೆ ಬೆಳ್ಳಗೇ. ಇದು ಅವನಿಗೆ ಗೊತ್ತಿತ್ತು, ತನ್ನ ಹೆಸರು ಗೊತ್ತಿದ್ದಷ್ಟೇ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ತನಗೆ ತಾನೇ ಒಂದು ಕಟ್ಟು ಮಾಡಿಕೊಂಡ: ಬೆಳಗಿನ ಹೊತ್ತೆಲ್ಲ ನಾಲ್ಕು, ಮೇಸ್ತ್ರಿಗೆ ಫೋನು ಮಾಡುವ ಮುಂಚೆ ಐದೇ ಐದು ನಿಮಿಷ ಹತ್ತಕ್ಕೆ ತಿರುಗಿಸಿ, ಮೇಲಿನವರೆಗೆ ನೋಡಿ, ಮತ್ತೆ ಇಳಿಸುವುದು. ದಿನಚರಿಯ ಪುಸ್ತಕದಲ್ಲಿ 'ದನಿ' ಎಂಬ ಅಂಕಣದಲ್ಲಿ ಮಾತ್ರ ರೂಢಿಯಂತೆ ಹತ್ತು ಎಂದೇ ಬರೆದ. ಎಂಟಕ್ಕೆ ಇಳಿಸಿದಂದಿನಿಂದ ಇಪ್ಪತ್ತೊಂದು ದಿನ ಹಾಗೆ ನಡೆಯಿತು. ಯಾರಿಗೂ ಏನೂ ಆಗಲಿಲ್ಲ. ಅಕ್ಕನ ಕಣ್ಣಿನ ಕೆಳಗಿನ ಕಪ್ಪು ಕಡಿಮೆಯಾಗಿತ್ತು.

ಇಪ್ಪತ್ತೆರಡನೆಯ ದಿನ ಎಂಟರ ಹೊತ್ತಿಗೆ ಚಹಾ ಕುಡಿಯಲು ಮನೆಗೆ ಬಂದ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟು, ಸೆರಗು ಹಿಡಿದೆಳೆಯುವ ಮಗುವಿನಂತೆ ಅವನ ತೋಳು ಹಿಡಿದೆಳೆದು, ಒಳಕೋಣೆಯ ಬಾಗಿಲ ಬಳಿ ನಿಲ್ಲಿಸಿದಳು. ಅಕ್ಕ ಮಲಗಿದ್ದಳು. ಕೂತು ಅಲ್ಲ, ಮಲಗಿ. ನಾಲ್ಕು ದಿಂಬೂ ನೆಲಕ್ಕೆ ಬಿದ್ದಿದ್ದವು. ಅವಳು ಬಲಮಗ್ಗುಲಾಗಿ, ಕೆನ್ನೆಯ ಕೆಳಗೆ ಅಂಗೈ ಇಟ್ಟುಕೊಂಡು, ಬಾಯಿ ಅರೆ ತೆರೆದು, ಗೊರಕೆ ಹೊಡೆಯುತ್ತಿದ್ದಳು. ಚಿಕ್ಕಂದಿನಲ್ಲಿ ಅವನು ಅವಳ ಬೆನ್ನಿಗೆ ಅಂಟಿಕೊಂಡು ಮಲಗುತ್ತಿದ್ದಾಗ ಅವಳು ಮಲಗುತ್ತಿದ್ದುದು ಹೀಗೆಯೇ. ಎಷ್ಟು ವರ್ಷವಾಗಿತ್ತು ಅವಳ ಗೊರಕೆ ಕೇಳಿ! ಚಹಾ ಕುಡಿಯದೆ, ಚಪ್ಪಲಿ ಸದ್ದಾದೀತೆಂದು ಕೈಯಲ್ಲಿ ಹಿಡಿದುಕೊಂಡು ಬಯಲಿಗೆ ಮರಳಿದ.

ಎಂಟೂ ಇಪ್ಪತ್ತಕ್ಕೆ ತಿರುಪಿನ ಮೇಲೆ ಕೈಯಿಟ್ಟ. ಕಾಗದದ ಮೇಲೆ ನೂರೈವತ್ತು ಮೀಟರ್ ಎತ್ತರದಲ್ಲಿದ್ದ ಕಪ್ಪು ಪಟ್ಟಿ ಹರಿದುಹೋಗಿತ್ತು. ತಳದಿಂದ ಹುಲ್ಲಿನ ಎಸಳುಗಳಂಥ ಗೆರೆಗಳು ಮೇಲೇಳುತ್ತಿದ್ದವು. ಮುಳ್ಳು ಬಲಕ್ಕೆ ವಾಲಿತ್ತು: ಗಾಳಿ ಏಳುತ್ತಿದೆ. ಅದಕ್ಕೂ ಮೇಲೆ ಬೆಳ್ಳಗೆ. ಇಪ್ಪತ್ತೊಂದು ದಿನವೂ ಹತ್ತಕ್ಕೆ ತಿರುಗಿಸಿದಾಗ ಇದೇ ಬೆಳ್ಳಗಿನ ಜಾಗ ಬೆಳ್ಳಗೇ ಉಳಿದಿತ್ತು. ಇವತ್ತು ಮಾತ್ರ ಬೇರೆ ಯಾಕಾದೀತು? ಹತ್ತಕ್ಕೆ ತಿರುಗಿಸಿದರೆ ಎಂಬತ್ತು ಹೆಜ್ಜೆ ಆಚೆ ಆ ಕಿಟಕಿಯ ಗಾಜು ನಡುಗುತ್ತದೆ. ಅವಳು ಬೆಚ್ಚಿ ಎದ್ದು ಕೂರುತ್ತಾಳೆ. 'ಇವತ್ತೊಂದು ದಿನ,' ಎಂದುಕೊಂಡ. ಮನುಷ್ಯ ಹಾಳಾಗುವುದು ಹೆಚ್ಚಾಗಿ ಇವತ್ತೊಂದು ದಿನದಲ್ಲೇ. ತಿರುಪಿನಿಂದ ಕೈ ತೆಗೆದು ಫೋನು ಎತ್ತಿದ.

"ಏನ್ ಸ್ವಾಮಿ, ಬಾಗಿಲು ತೆಗೀತಾ?"

"ತೆಗೀತು. ಹಚ್ಚಿ."

"ಇವತ್ತು ಬೇಗಾನೇ ತೆಗೀತು! ನಿಮ್ಮ ಹೊಟ್ಟೆ ತಣ್ಣಗಿರಲಿ."

ಒಂಬತ್ತಕ್ಕೆ ಅಕ್ಕ ಎದ್ದಳು. ಎದ್ದವಳ ಮುಖ ನೋಡಿ ಹೆಂಡತಿ, "ಹತ್ತು ವರ್ಷ ಚಿಕ್ಕೋರಾದ್ರಿ ಅಕ್ಕಾ," ಎಂದಳಂತೆ. ಅಕ್ಕ ತಾನೇ ತಲೆ ಬಾಚಿಕೊಂಡು, ತಮ್ಮನ ಉಣ್ಣೆಯ ಕೋಟನ್ನು ಮಡಿಲಲ್ಲಿ ಹರಡಿಕೊಂಡು, ಕಳೆದುಹೋದ ಎರಡು ಗುಂಡಿಗೆ ಜೋಡಿ ಡಬ್ಬಿಯಲ್ಲಿ ಸಿಗದೆ, ಉಳಿದ ಒಂದು ಗುಂಡಿಯನ್ನು ಕತ್ತರಿಸಿ ಮುಷ್ಟಿಯಲ್ಲಿ ಹಿಡಿದು ಬಯಲಿನವರೆಗೂ ನಡೆದು ಬಂದಳು. ಕೋಣೆಯ ಬಾಗಿಲಿಗೆ ಕೈಯಾನಿಸಿ ನಿಂತಳು.

"ಗಾಳಿ ಹೇಗಿದೆಯೋ?"

ಅವನು ಅವಳ ಮುಖ ನೋಡಿದ. ನೋಡಿ ಹಿಗ್ಗಿದ. "ಚೆನ್ನಾಗಿದೆ ಅಕ್ಕಾ. ಎಲ್ಲಿಗೆ ಸವಾರಿ?"

"ಕೆಳಗಿನ ಗುಂಡಿ ಅಂಗಡಿಗೆ. ಇಂಥದೇ ಇನ್ನೆರಡು ತರ್ತೀನಿ. ಎದೆ ತೆರ್ಕೊಂಡು ಓಡಾಡ್ತಿದ್ದೀಯಲ್ಲ, ನೆಗಡಿ ಬಂದ್ರೆ ಸೀಟಿ ಹೊಡೆಯೋರು ಯಾರು?"

"ಹೋಗಿ ಬಾ. ನಿಧಾನಕ್ಕೆ ಹೋಗು."

"ಹೂಂ ಕಣೋ, ನಾನೇನು ಓಟದ ಪಂದ್ಯಕ್ಕಾ ಹೋಗ್ತಿರೋದು?" ಎಂದು ಇಳಿಜಾರಿನ ಕಡೆ ತಿರುಗಿದಳು. ಅವಳ ತಲೆ ಟ್ಯಾಂಕಿನ ಗೋಡೆಯ ಹಿಂದೆ ಮರೆಯಾಗುವವರೆಗೂ ನೋಡಿದ. ಇನ್ನು ಮನೆಯಲ್ಲಿ ಎಬ್ಬಿಸಬಾರದವರು ಯಾರೂ ಇರಲಿಲ್ಲ. ಒಳಗೆ ಬಂದು, ಬಾಕಿಯಿದ್ದ ದಿನಚರಿ ಬರೆದು ಮುಗಿಸಿ, ಅರ್ಧ ಗಂಟೆಯ ಮೇಲೆ, ಬೇರೇನೂ ಯೋಚಿಸದೆ, ತಿರುಪನ್ನು ಹತ್ತಕ್ಕೆ ತಿರುಗಿಸಿದ.

ಮೊದಲ ಕೂಗಿಗೇ ಕಡ್ಡಿ ಮುನ್ನೂರ ಇಪ್ಪತ್ತು ಮೀಟರಿನ ಹತ್ತಿರ ಒಂದು ಚುಕ್ಕೆ ಇಟ್ಟಿತು. ಎರಡನೆಯದಕ್ಕೆ ಅದರ ಪಕ್ಕ ಇನ್ನೊಂದು. ಹತ್ತು ಕೂಗಿನಲ್ಲಿ ಅದು ದಪ್ಪನೆಯ ಕರೀ ಪಟ್ಟಿಯಾಯಿತು, ಮಸಿಯಲ್ಲಿ ಬೆರಳದ್ದಿ ಎಳೆದ ಹಾಗೆ. ಎರಡನೆಯ ಮುಚ್ಚಳ. ಬೆಳಗಿನಿಂದಲೂ ಅದು ಅಲ್ಲೇ ಇತ್ತು. ಇವನ ಸಣ್ಣ ದನಿ ಅದನ್ನು ಮುಟ್ಟಿರಲಿಲ್ಲ, ಅಷ್ಟೇ. ಮುಳ್ಳು ಬಲದಿಂದ ನಡುವಿಗೆ ಬಂತು, ನಡುವಿನಿಂದ ಎಡಕ್ಕೆ ಜಾರಿತು. ಮರುದನಿ ಏರುತ್ತಿತ್ತು. ಗಾಳಿ ಇಳಿಯುತ್ತಿತ್ತು, ಅದರ ಜೊತೆ ಒಂದು ಗಂಟೆಗೂ ಮೀರಿದ ಹೊಗೆಯೂ.

ಫೋನು ತಿರುಗಿಸುವಾಗ ಬೆರಳು ಎರಡು ಸಲ ತಪ್ಪಿತು.

"ನಿಲ್ಲಿಸಿ ಮೇಸ್ತ್ರಿ! ಆರಿಸಿ!"

"ಏನಾಯ್ತು ಸ್ವಾಮಿ? ಉರಿ ಏರಿಬಿಟ್ಟಿದೆ. ಮನೆ ಒಲೆಯಾ ಇದು, ನೀರು ಸುರಿಯೋಕೆ? ತಣ್ಣಗಾಗೋಕೇ ಎರಡು ಗಂಟೆ ಬೇಕು..."

ಉಳಿದದ್ದನ್ನು ಅವನು ಕೇಳಲಿಲ್ಲ. ಫೋನು ಕೈಬಿಟ್ಟು ಇಳಿಜಾರಿನಲ್ಲಿ ಓಡಿದ. ಟ್ಯಾಂಕಿನ ತಿರುವು ದಾಟಿದಾಗ ಕೆಳಗಿನ ಬೀದಿ ಕಾಣಬೇಕಿತ್ತು, ಕಾಣಲಿಲ್ಲ. ಅಲ್ಲಿ ಬೂದು ಬಣ್ಣದ್ದೊಂದು ಕೂತಿತ್ತು, ಮನೆಗಳ ಮಾಡುಗಳು ಮಾತ್ರ ಮೇಲೆ ತೇಲುತ್ತಿದ್ದವು. ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ಬೀದಿಗೆ ಇಳಿಯಲು ನಲವತ್ತು ಮೆಟ್ಟಿಲು. ಜನ ಬಾಯಿಗೆ ಬಟ್ಟೆ ಹಿಡಿದು ಹತ್ತಿ ಬರುತ್ತಿದ್ದರು, ಅವನು ಅವರನ್ನು ತಳ್ಳಿಕೊಂಡು ಇಳಿಯುತ್ತಿದ್ದ.

ಹದಿನೇಳನೆಯ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು. ಗುಂಡಿ ಅಂಗಡಿಯ ಹೆಂಗಸು ಅವಳ ಬೆನ್ನು ತನ್ನ ಮೊಣಕಾಲಿಗೆ ಆನಿಸಿಕೊಂಡು ನೀವುತ್ತಿದ್ದಳು. ಅಕ್ಕನ ತುಟಿ ನೀಲಿಗಟ್ಟಿತ್ತು, ಕತ್ತಿನ ನರಗಳು ಹುರಿಯಾಗಿದ್ದವು. ಮುಷ್ಟಿಯಲ್ಲಿ ಸಣ್ಣ ಕಾಗದದ ಪೊಟ್ಟಣ. ಅವನು ಎದುರಿಗೆ ಕುಸಿದು ಕೂತ. ಮಾತಾಡಲು ಅವನಿಗೂ ಉಸಿರಿರಲಿಲ್ಲ.

ಅಕ್ಕ ಅವನನ್ನು ಗುರುತು ಹಿಡಿದಳು. ಒಂದೊಂದು ಮಾತಿಗೂ ಒಂದೊಂದು ಉಸಿರು ಎಳೆದುಕೊಂಡು ಹೇಳಿದಳು: "ಓಡಿ ಬಂದ್ಯಾ? ಯಾಕೋ... ಕೂತ್ಕೋ. ಮೊದ್ಲು ಉಸಿರು ತಗೋ."

ಅವಳ ಕೊನೆಯ ಮಾತು ಅದು. ಆಮೇಲೆ ಆಸ್ಪತ್ರೆಯಲ್ಲಿ ಎರಡು ದಿನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿದ್ದರು, ಮಾತಿಗೆ ದಾರಿಯಿರಲಿಲ್ಲ. ಕಣ್ಣಲ್ಲೇ ಅವನ ಕೋಟಿನ ಎದೆ ತೋರಿಸುತ್ತಿದ್ದಳು. ಅವನು ಎರಡೂ ಕೈಯಿಂದ ಕೋಟನ್ನು ಮುಚ್ಚಿ ಹಿಡಿದು, "ನೋಡು, ಮುಚ್ಕೊಂಡಿದ್ದೀನಿ ಅಕ್ಕಾ," ಎನ್ನುತ್ತಿದ್ದ. ಮೂರನೆಯ ಬೆಳಿಗ್ಗೆ ಅವಳ ಎದೆ ಏಳುವುದು ನಿಂತಿತು. ಹೊಗೆ ಇಳಿದ ದಿನ ಒಟ್ಟು ಹನ್ನೊಂದು ಜನ ಆಸ್ಪತ್ರೆ ಸೇರಿದ್ದರು. ಸತ್ತವಳು ಅಕ್ಕ ಒಬ್ಬಳೇ.

ಅಕ್ಕನನ್ನು ಮಣ್ಣಿಗೆ ಒಪ್ಪಿಸಿ ಬಂದ ಮೂರನೆಯ ದಿನ ಮೇಲಿನ ಕಚೇರಿಯಿಂದ ಅಧಿಕಾರಿ ಬಂದ. ಒಳ್ಳೆಯ ಮನುಷ್ಯ, ಬರುವಾಗಲೇ ಮುಖ ಸಣ್ಣದು ಮಾಡಿಕೊಂಡಿದ್ದ. ಕಾಗದದ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿ, ದಿನಚರಿಯ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಬೆರಳಿಟ್ಟು ನೋಡಿದ. ಎಂಟೂ ಇಪ್ಪತ್ತಕ್ಕೆ ಮೇಲೆಲ್ಲ ಬೆಳ್ಳಗೆ. ಒಂಬತ್ತೂ ಮುಕ್ಕಾಲಿಗೆ ಇದ್ದಕ್ಕಿದ್ದಂತೆ ಪಟ್ಟಿ. 'ದನಿ' ಅಂಕಣದಲ್ಲಿ ಹತ್ತು.

"ಮೇಲಿನ ಪದರ ಆಮೇಲೆ ಬಂದಿದೆ. ಗುಡ್ಡದ ಆಚೆಯಿಂದ ಜಾರಿ ಬಂದಿರಬೇಕು. ಹಿಂಗೆ ಆಗೋದುಂಟು," ಎಂದ ಅಧಿಕಾರಿ. "ನೀವು ಹೇಳಿದಾಗ ಆಕಾಶ ತೆರೆದೇ ಇತ್ತು. ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ. ನೀವೇ ಕಳ್ಕೊಂಡಿದ್ದೀರಿ, ನಿಮ್ಮನ್ನ ಇನ್ನೇನು ಕೇಳೋದು?" ಎಂದು ಭುಜ ಮುಟ್ಟಿದ.

ಅವನು ಹೇಳಬೇಕೆಂದುಕೊಂಡಿದ್ದ ಮಾತು ನಾಲಿಗೆಯ ಬುಡದವರೆಗೂ ಬಂದು ಅಲ್ಲೇ ಕೂತಿತು. ಅಧಿಕಾರಿ ಸಹಿ ಹಾಕಿ ಹೊರಟುಹೋದ. ಆ ಸಹಿಯನ್ನು ನೋಡುತ್ತ ಕೂತವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಂದು ಅನ್ನ ಸೇರಲಿಲ್ಲ, ಮರುದಿನವೂ ಸೇರಲಿಲ್ಲ. ಹೆಂಡತಿ ಅದನ್ನು ದುಃಖ ಎಂದುಕೊಂಡಳು. ದುಃಖವೂ ಹೌದು, ಬರೀ ದುಃಖವೇ ಆಗಿದ್ದರೆ ಅತ್ತಾದರೂ ಹಗುರಾಗುತ್ತಿದ್ದ.

ಆ ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಕುಳ್ಳ ಮನುಷ್ಯ ನಿಂತಿದ್ದ. ಹುಬ್ಬು ಸುಟ್ಟು ಬೋಳಾಗಿದ್ದವು, ಕೈಯ ತುಂಬ ಹಳೆಯ ಕಿಡಿಗಳ ಗುರುತು. ಟೊಪ್ಪಿಗೆಯನ್ನು ಎರಡು ಕೈಯಲ್ಲೂ ತಿರುಗಿಸುತ್ತ ನಿಂತವನನ್ನು 'ಯಾರು' ಎಂದು ಪೀಪಿ ಸಾಹೇಬ ಕೇಳಬೇಕು, ಅಷ್ಟರಲ್ಲಿ ಬಂದವನೇ ಬಾಯಿಬಿಟ್ಟ: "ಸ್ವಾಮಿ..."

ಆ ದನಿ ಸಾಕಾಯಿತು. "ಮೇಸ್ತ್ರಿ!" ಎಂದ ಇವನು.

ಇಬ್ಬರೂ ಒಳಗೆ ಬಂದು ಅಕ್ಕನ ಮಂಚದ ಪಕ್ಕದ ಬೆಂಚಿನ ಮೇಲೆ ಕೂತರು. ಹೆಂಡತಿ ಚಹಾ ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮೇಸ್ತ್ರಿ ಚಹಾ ಮುಟ್ಟಲಿಲ್ಲ.

"ಮುಖ ತೋರಿಸೋ ಧೈರ್ಯ ಇರಲಿಲ್ಲ ಸ್ವಾಮಿ. ಒಂಬತ್ತು ವರ್ಷ ಫೋನಿನಲ್ಲಿ ನಗ್ತಾ ಮಾತಾಡಿದೋನು ನಾನು. ಬೆಂಕಿ ಇಟ್ಟ ಕೈ ನನ್ನದು. ನಿಮ್ಮ ಅಕ್ಕನ್ನ ನನ್ನ ಹೊಗೆ ತಿಂದುಬಿಡ್ತು." "ನೀವು ನಿಲ್ಸಿ ಅಂದಾಗ ನಾನು ಒಲೆಗೆ ನೀರು ಸುರಿಯೋಕಾಗುತ್ತಾ ಅಂತ ಎದುರು ಮಾತಾಡಿದೆ. ಆ ಮಾತು ಕಿವಿಯಿಂದ ಹೋಗ್ತಾ ಇಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ."

ಎಂದು ಇವನ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡ. ದೊರಗು, ಬಿಸಿ ಕೈಗಳು. ಅಧಿಕಾರಿಯ ಸಹಿಯನ್ನು ಹೇಗೋ ಹೊತ್ತುಕೊಂಡಿದ್ದ ಪೀಪಿ ಸಾಹೇಬನಿಗೆ ಈ ಕೈಗಳನ್ನು ಹೊರಲಾಗಲಿಲ್ಲ. ತಪ್ಪು ಮಾಡದವನು ತಪ್ಪಾಯಿತೆಂದು ಅಳುತ್ತಿದ್ದರೆ ತಪ್ಪು ಮಾಡಿದವನು ಎಲ್ಲಿಗೆ ಮುಖ ತಿರುಗಿಸಬೇಕು?

"ಮೇಸ್ತ್ರಿ, ತಿರುಪು ನಾಲ್ಕರಲ್ಲಿತ್ತು," ಎಂದ.

ಮೇಸ್ತ್ರಿಗೆ ಅರ್ಥವಾಗಲಿಲ್ಲ. "ಏನ್ ಸ್ವಾಮಿ?"

"ದನಿಯ ತಿರುಪು. ಹತ್ತರಲ್ಲಿರಬೇಕು. ಅವತ್ತು ನಾಲ್ಕರಲ್ಲಿತ್ತು. ನಾನೇ ಇಳಿಸಿದ್ದೆ. ಸಣ್ಣಗೆ ಕೂಗಿದ್ರೆ ಮೇಲಿನವರೆಗೆ ಮುಟ್ಟಲ್ಲ. ಮುಟ್ಟದಿದ್ರೆ ಉತ್ತರ ಬರಲ್ಲ, ಕಾಗದ ಬೆಳ್ಳಗಿರುತ್ತೆ. ಆ ಬೆಳ್ಳಗಿದ್ದುದನ್ನ ನೋಡಿ ಬಾಗಿಲು ತೆಗೀತು ಅಂದೆ. ತೆಗೆದಿರಲಿಲ್ಲ ಮೇಸ್ತ್ರಿ. ಹತ್ತಕ್ಕೆ ತಿರುಗಿಸಿ ನೋಡೋಕೆ ಐದು ನಿಮಿಷ ಸಾಕಿತ್ತು. ನೋಡಲಿಲ್ಲ. ಪುಸ್ತಕದಲ್ಲಿ ಹತ್ತು ಅಂತ ಬರೆದೆ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಚೌಕಟ್ಟನ್ನು ಹಿಡಿದುಕೊಂಡಳು. ಗಂಟಲು ಅಮುಕಿ ಎಂದವಳು ತಾನು.

ಮೇಸ್ತ್ರಿ ನಿಧಾನವಾಗಿ ಕೈ ಬಿಟ್ಟ. ಟೊಪ್ಪಿಗೆಯ ಒಳಗಡೆ ನೋಡುತ್ತ ಕೇಳಿದ.

"ಯಾಕೆ ಇಳಿಸಿದ್ರಿ?"

ಅವನು ಮಂಚದ ಕಡೆ ನೋಡಿದ. ನಾಲ್ಕು ದಿಂಬನ್ನು ಒಂದರ ಮೇಲೊಂದು ಜೋಡಿಸಿ ಇಟ್ಟಿತ್ತು. ಮೇಸ್ತ್ರಿಯೂ ಅತ್ತ ನೋಡಿದ. ನೋಡಿ, ಏನು ಅರ್ಥವಾಯಿತೋ, ಮೆಲ್ಲಗೆ ಕೇಳಿದ: "ನಿದ್ದೆ ಬಂದಿತ್ತಾ ಅವರಿಗೆ?"

"ಬಂದಿತ್ತು. ಅವತ್ತು ಮಲಗಿಯೇ ನಿದ್ದೆ ಮಾಡಿದ್ಲು. ಒಂಬತ್ತು ಗಂಟೆ ತನಕ." ಅಷ್ಟು ಹೇಳಿದ ಮೇಲೆ ಅವನಿಗೆ ಅಳು ಒತ್ತರಿಸಿ ಬಂತು. ಅಕ್ಕ ಸತ್ತ ಮೇಲೆ ಮೊದಲ ಸಲ, ಪರಕೀಯನ ಎದುರಿಗೆ, ದನಿ ತೆಗೆದು ಅತ್ತ.

ಮೇಸ್ತ್ರಿ ಅವನು ಅಳು ಮುಗಿಸುವವರೆಗೂ ಕಾದು ಎದ್ದು ನಿಂತ. "ನನ್ನ ಹೆಂಡತಿ ತಮ್ಮ ಇನ್ನೂ ಆಸ್ಪತ್ರೇಲಿದ್ದಾನೆ. ಬೆಳೆದ ಹುಡುಗ, ಎರಡು ಹೆಜ್ಜೆ ಇಡೋಕೆ ಆಗ್ತಿಲ್ಲ. ದಿನಾ ಕೇಳ್ತಾನೆ, ಭಾವ, ಹೆಂಗಾಯ್ತು ಇದು ಅಂತ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತಿದ್ದೆ. ಇನ್ನು ಮೇಲೆ ಏನ್ ಹೇಳಲಿ?" ಬಾಗಿಲವರೆಗೆ ಹೋಗಿ ತಿರುಗಿದ. "ಇದು ನನಗೊಬ್ಬನಿಗೆ ಹೇಳಿದ್ರೆ ಸಾಲಲ್ಲ ಸ್ವಾಮಿ."

"ಸಾಲಲ್ಲ," ಎಂದ ಅವನೂ.

ಆ ಸಂಜೆ ದಿನಚರಿಯ ಪುಸ್ತಕ ಬಿಚ್ಚಿ, ಇಪ್ಪತ್ತೆರಡು ದಿನದ ಪುಟಗಳಲ್ಲೂ ಹತ್ತನ್ನು ಹೊಡೆದು ಪಕ್ಕದಲ್ಲಿ ಇದ್ದುದನ್ನು ಬರೆದ: ಎಂಟು, ಆರು, ನಾಲ್ಕು, ನಾಲ್ಕು, ನಾಲ್ಕು. ಪ್ರತಿಯೊಂದಕ್ಕೂ ಸಹಿ ಹಾಕಿದ. ಯಾಕೆ ಇಳಿಸಿದ್ದು ಎಂಬ ಜಾಗದಲ್ಲಿ 'ಮನೆಯಲ್ಲಿ ಕಾಯಿಲೆಯವರ ನಿದ್ದೆಗಾಗಿ' ಎಂದು ಬರೆದು, ಅದು ನೆಪದಂತೆ ಕಂಡು ಹೊಡೆದುಹಾಕಿದ. ಹೆಂಡತಿ ಪಕ್ಕದಲ್ಲಿ ಕೂತು ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಪೊಟ್ಟಣದಲ್ಲಿದ್ದ ಎರಡು, ಅಕ್ಕ ಕತ್ತರಿಸಿಕೊಂಡು ಹೋಗಿದ್ದ ಒಂದು. ದಾರ ಕಡಿಯುವಾಗ ಅವಳು ಅಂದಳು, "ಅಮುಕಿ ಅಂದೋಳು ನಾನು ಅಂತಾನೂ ಬರೀರಿ."

"ತಿರುಗಿಸಿದ ಕೈ ನಂದು," ಎಂದ ಅವನು. ಮರುದಿನ ಪುಸ್ತಕವನ್ನು ಮೇಲಿನ ಕಚೇರಿಗೆ ಕಳಿಸಿದ.

ಅಧಿಕಾರಿಯಿಂದ ಉತ್ತರ ಬರಲು ಎಂಟು ದಿನ ಹಿಡಿಯಿತು. ಕೆಲಸದಿಂದ ತೆಗೆಯಲಾಗಿದೆ, ಬೇರೆಯವನು ಬರುವವರೆಗೆ ಒಂದು ವಾರ ನಡೆಸಿಕೊಡಬೇಕು, ವಿಚಾರಣೆಗೆ ಕರೆದಾಗ ಬರಬೇಕು. ಓದಿ ಮಡಚಿ ಜೇಬಿಗಿಟ್ಟ. ಮನಸ್ಸು ಹಗುರಾಗಬಹುದು ಎಂದುಕೊಂಡಿದ್ದ, ಆಗಲಿಲ್ಲ. ಅವನೇ ಹೇಳಿದರೂ ಬೇರೆಯವರು ಹೇಳಿದರೂ ಅಕ್ಕ ಬರುವವಳಲ್ಲ.

ಮರುದಿನ ಬೆಳಿಗ್ಗೆ ಐದಕ್ಕೆ ಮೂರು ಗುಂಡಿಯನ್ನೂ ಹಾಕಿಕೊಂಡು ಬಯಲಿಗೆ ಬಂದ. ಆ ದಿನದಿಂದ ಸುಮ್ಮನಿದ್ದ ಯಂತ್ರವನ್ನು ಬೆಚ್ಚಗಾಗಲು ಬಿಟ್ಟು ತಿರುಪಿನ ಮೇಲೆ ಕೈಯಿಟ್ಟ. ಇಪ್ಪತ್ತೆರಡು ದಿನದ ರೂಢಿಗೆ ಬೆರಳು ನಾಲ್ಕರ ಬಳಿ ತಾನಾಗಿ ನಿಂತಿತು. ಅದನ್ನು ದಾಟಿಸಿ ಹತ್ತಕ್ಕೆ ತಿರುಗಿಸಿದ. ಪೀಪಿ ಗಂಟಲು ಬಿಚ್ಚಿ ಕೂಗಿತು. ಎಂಬತ್ತು ಹೆಜ್ಜೆ ಆಚೆ ಒಳಕೋಣೆಯ ಕಿಟಕಿಯ ಗಾಜು ನಡುಗಿದ್ದು ಅವನಿಗೆ ಇಲ್ಲಿಂದಲೇ ಕೇಳಿಸಿತು.

ಕಿವಿಗೊಟ್ಟು ನಿಂತ. ಬೆಚ್ಚಿ ಏಳಲು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.